ಅವ್ವ ಮರೆತ ಗೀಜರನ್ನ ಬೆಂಗಳೂರಿನಿಂದ ಆಫ್ ಮಾಡೋದು ಹೇಗೆ?

ಥರ್ಮಲ್ ಕ್ವಾರ್ಟರ್ಸ್ ಹುಡುಗ, ರಾಯಚೂರು

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ.

ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ರಾಯಚೂರಿನ ಮನೆಯಲ್ಲಿ ಅಪ್ಪ, ಅವ್ವ ಇಬ್ಬರೇ. ಬಚ್ಚಲಿನಲ್ಲಿ 25 ಲೀಟರಿನ ಗೀಜರ್ ಇದೆ, 2000 ವ್ಯಾಟ್, 2016ರಲ್ಲಿ ಹಾಕಿಸಿದ್ದು. ರಾಯಚೂರಿನ ಬಿಸಿಲಿಗೆ ಗೀಜರ್ ಬೇರೆ ಬೇಕಾ ಅಂತ ನಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಏಪ್ರಿಲ್, ಮೇನಲ್ಲಿ ಬೇಡ. ಆಗ ಮಾಳಿಗೆ ಮೇಲಿನ ಟ್ಯಾಂಕಿನ ನೀರೇ ಮೈ ಸುಡುತ್ತದೆ. ಆದರೆ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಐದಕ್ಕೆ ಅವ್ವನಿಗೆ ಬಿಸಿನೀರು ಬೇಕೇ ಬೇಕು.

ತೊಂದರೆ ಏನಂದ್ರೆ, ಅವ್ವ ಗೀಜರ್ ಹಾಕಿ ಮರೆಯುತ್ತಾಳೆ. ಸ್ವಿಚ್ ಹಾಕಿ ಅಂಗಳಕ್ಕೆ ನೀರು ಹೊಡೆಯಲು ಹೋಗುತ್ತಾಳೆ. ಬಂದು ಸ್ನಾನ ಮಾಡಿ ಸೀದಾ ದೇವರ ಮನೆಗೆ. ಸ್ವಿಚ್ಚಿನ ಕೆಂಪು ದೀಪ ಮಧ್ಯಾಹ್ನದ ಊಟದ ಹೊತ್ತಿಗೂ ಉರಿಯುತ್ತಿರುತ್ತದೆ. ಕೇಳಿದರೆ, “ಏ, ಆಫ್ ಮಾಡೀನಿ ಬಿಡಪ್ಪ, ನಿಮ್ಮಪ್ಪನೇ ಮತ್ತ ಹಾಕ್ಯಾನ” ಅಂತಾಳೆ.

ಹೋದ ತಿಂಗಳು ಒಂದು ಗುರುವಾರ ಇಬ್ಬರೂ ಬೆಳಗಿನ ಬಸ್ಸಿಗೆ ಮಂತ್ರಾಲಯಕ್ಕೆ ಹೊರಟರು. ತುಂಗಭದ್ರಾ ಸೇತುವೆ ಬಂದಾಗ ಅವ್ವನಿಗೆ ಗೀಜರ್ ನೆನಪಾಯಿತು. ನನಗೆ ಫೋನ್. ನಾನು ಪಕ್ಕದ ಮನೆ ಕಾಕಾಗೆ ಫೋನ್ ಮಾಡಿದೆ. ಮನೆಗೆ ಬೀಗ, ಕೀಲಿ ಅವ್ವನ ಸೊಂಟದಲ್ಲಿ. ಕಾಕಾ ಪಾಪ ಹೊರಗಿನ ಮೀಟರ್ ಬೋರ್ಡಿನಲ್ಲಿ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದರು. ಸಂಜೆ ಬಂದು ನೋಡಿದರೆ ಫ್ರಿಜ್ ಬಂದ್. ಹಾಲು ಒಡೆದಿದೆ, ದೋಸೆ ಹಿಟ್ಟು ಹುಳಿ ಬಂದು ಡಬ್ಬಿ ಮುಚ್ಚಳ ಎತ್ತಿ ಕೆಳಗಿನ ತರಕಾರಿ ಟ್ರೇ ತನಕ ಇಳಿದಿದೆ. ಬೈಗುಳ ಮಾತ್ರ ನನಗೆ.

ಆ ಸಿಟ್ಟಿನಲ್ಲೇ ಒಂದು ವೈಫೈ ಸ್ಮಾರ್ಟ್ ಪ್ಲಗ್ ಆನ್‌ಲೈನ್‌ನಲ್ಲಿ ತರಿಸಿದೆ. 10 ಆಂಪ್‌ದು. ಬೆಳಿಗ್ಗೆ ನಾನೇ ಇಲ್ಲಿಂದ ಆನ್ ಮಾಡುವುದು, ನಾನೇ ಆಫ್ ಮಾಡುವುದು ಅಂತ ಲೆಕ್ಕ. ಊರಿಗೆ ಹೋಗಿ ಪ್ಯಾಕೆಟ್ ಬಿಚ್ಚುತ್ತಿದ್ದಂತೆ ಅಪ್ಪ ಅಡ್ಡ ನಿಂತರು.

ಅಪ್ಪನ ಬಗ್ಗೆ ಹೇಳಲೇಬೇಕು. ಅವರು ಶಕ್ತಿನಗರದ ಥರ್ಮಲ್‌ನಲ್ಲಿ, ಅಂದರೆ ಕಲ್ಲಿದ್ದಲಿನಿಂದ ಕರೆಂಟ್ ಮಾಡುವ ಸ್ಥಾವರದಲ್ಲಿ, 1987ರಿಂದ ನಿವೃತ್ತಿಯ ತನಕ ಬಾಯ್ಲರ್ ಕಡೆಯೇ ಇದ್ದವರು. ನಮ್ಮ ಮನೆಯಲ್ಲಿ ಯೂನಿಟ್ ಅಂದರೆ ಎರಡು ಅರ್ಥ. ಅವ್ವನಿಗೆ ಕರೆಂಟ್ ಬಿಲ್ಲಿನ ಯೂನಿಟ್, ಅಪ್ಪನಿಗೆ ಥರ್ಮಲ್‌ನಲ್ಲಿ ಕರೆಂಟ್ ಹುಟ್ಟಿಸುವ 210 ಮೆಗಾವ್ಯಾಟ್‌ದು. ಈಗಲೂ ದಿನಾ ಬೆಳಿಗ್ಗೆ ಆರಕ್ಕೆ ಮೀಟರ್ ನೋಡಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, ಲಾಗ್ ಶೀಟ್ ಥರ ಗೆರೆ ಹೊಡೆದು. ಗೃಹಜ್ಯೋತಿಯ 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಬರುತ್ತದೆ ಅನ್ನುವ ಭಯ ಒಂದು ಕಡೆ. ಅಭ್ಯಾಸ ಇನ್ನೊಂದು ಕಡೆ.

ಅವರ ಮಾತು ಇಷ್ಟೇ: “ಮುಂದ ಮಂದಿ ಇಲ್ಲದ ಬಾಯ್ಲರ್ ಲೈಟಪ್ ಮಾಡಬಾರದು.” ಲೈಟಪ್ ಅಂದರೆ ಹೊತ್ತಿಸುವುದು, ಟ್ರಿಪ್ ಅಂದರೆ ತಾನೇ ಬಂದ್ ಆಗುವುದು. ನಾನು ವಾದ ಮಾಡಿದೆ, ನಿಮ್ಮ ಕಂಟ್ರೋಲ್ ರೂಮ್ ಕೂಡ ಬಾಯ್ಲರ್‌ನಿಂದ ದೂರಾನೇ ಇತ್ತಲ್ವಾ ಅಂತ. “ದೂರ ಇತ್ತು. ಆದ್ರ ಬಾಯ್ಲರ್ ಹತ್ರ ಒಬ್ಬಾಂವ ಇರ್ತಿದ್ದ. ಬೆಂಕಿ ಕಾಣಲಿಲ್ಲಂದ್ರ ಫ್ಲೇಮ್ ಸ್ಕ್ಯಾನರ್ ಟ್ರಿಪ್ ಮಾಡ್ತಿತ್ತು. ನಿನ್ನ ಡಬ್ಬಿಗೆ ಕಣ್ಣೈತೇನು?” ಅಂದರು. ಅವ್ವ ಒಳಗಿನಿಂದಲೇ, “ಬೆಂಗ್ಳೂರಾಗ ಕುಂತು ನನ್ನ ಬಚ್ಚಲಾ ಕಾಯ್ತೀಯೇನೋ” ಅಂದಳು.

ಪ್ಲಗ್ ಇನ್ನೂ ಪ್ಯಾಕೆಟ್‌ನಲ್ಲೇ ಇದೆ. 10 ಆಂಪ್ ಸಾಕಾ? ನಮ್ಮ ಏರಿಯಾದಲ್ಲಿ ಕರೆಂಟ್ ಹೋಗಿ ಬರುವುದು ಜಾಸ್ತಿ, ಆಗ ಏನಾಗುತ್ತದೆ? ಅಪ್ಪ ಹೇಳುವುದರಲ್ಲಿ ಹುರುಳಿದೆಯಾ, ಸುಮ್ನೆ ಹಳೇ ಹಠವಾ? ಬಳಸಿ ಗೊತ್ತಿರುವವರು ಹೇಳಿ.

ಗಂಗಾವತಿ ವೈರ್‌ಮನ್

ಮೊದಲು ಆ 10 ಆಂಪ್ ಪ್ಲಗ್ ವಾಪಸ್ ಕಳಿಸಿ ತಮ್ಮಾ. ಆಮೇಲೆ ಮಾತಾಡೋಣ.

2000 ವ್ಯಾಟನ್ನ 230 ವೋಲ್ಟಿನಿಂದ ಭಾಗಿಸಿದರೆ 8.7 ಆಂಪ್. ಹತ್ತರ ಒಳಗೇ ಇದೆ ಅಂತ ಎಲ್ಲರೂ ತರುತ್ತಾರೆ. ಆದರೆ ರಾತ್ರಿ, ಬೆಳಗಿನ ಜಾವ ಲೋಡ್ ಕಡಿಮೆ ಇದ್ದಾಗ ಕೆಲವು ಕಡೆ 250 ವೋಲ್ಟ್ ಬರುತ್ತದೆ. ಹೀಟರ್ ಕಾಯಿಲ್ ಎಳೆಯುವ ವ್ಯಾಟ್ ವೋಲ್ಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 250ಕ್ಕೆ ಅದೇ ಕಾಯಿಲ್ 2360 ವ್ಯಾಟ್ ಹತ್ತಿರ ಹೋಗುತ್ತದೆ, ಆಂಪ್ ಒಂಬತ್ತೂವರೆ. ಅದೂ ಮಿಕ್ಸಿ ಥರ ಎರಡು ನಿಮಿಷ ಅಲ್ಲ, ಅರ್ಧ ಗಂಟೆ ಒಂದೇ ಸಮ.

ಹೋದ ವರ್ಷ ಇಲ್ಲೇ ಒಂದು ಮನೆಯಲ್ಲಿ ಇಂಥದ್ದೇ ಪ್ಲಗ್ ನಾನೇ ಕಿತ್ತೆ. ಕಿತ್ತೆ ಅಂದರೆ ಸ್ಕ್ರೂಡ್ರೈವರ್ ಹಾಕಿ ಮೀಟಿ ತೆಗೆದೆ, ಸಾಕೆಟ್ಟಿಗೆ ಅಂಟಿಕೊಂಡಿತ್ತು. ಒಂದು ಪಿನ್ ನೀಲಿ ತಿರುಗಿದೆ. ಅದರ ಸುತ್ತ ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಇಳಿದು ಗಟ್ಟಿಯಾಗಿದೆ. ತಪ್ಪು ಪ್ಲಗ್‌ದು ಒಂದೇ ಅಲ್ಲ, ಸಾಕೆಟ್ ಒಳಗಿನ ಹಿತ್ತಾಳೆ ಪತ್ತಿ ಸಡಿಲ ಆಗಿತ್ತು. ಲೂಸ್ ಕಾಂಟ್ಯಾಕ್ಟ್ ಇದ್ದಲ್ಲಿ ಬಿಸಿ ಹುಟ್ಟುತ್ತದೆ. ಬಿಸಿಗೆ ಪತ್ತಿ ಇನ್ನೂ ಸಡಿಲ ಆಗುತ್ತದೆ. ಮನೆಯವರಿಗೆ ವಾಸನೆ ಬಂದಿತ್ತಂತೆ. ಪಕ್ಕದ ಮನೆಯಲ್ಲಿ ಏನೋ ಸುಡ್ತಿದ್ದಾರೆ ಅಂದುಕೊಂಡು ಸುಮ್ಮನಿದ್ದರು!

ಕರೆಂಟ್ ಹೋಗಿ ಬಂದರೆ ಏನು ಅಂತ ಕೇಳಿದಿರಿ. ನಮ್ಮ ಕಡೆ ರೈತರು ಹೊಲದ ಮೋಟಾರಿಗೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಇಟ್ಟು ಎಷ್ಟೋ ವರ್ಷ ಆಯಿತು. ನಿಮ್ಮ ಸ್ಮಾರ್ಟ್ ಪ್ಲಗ್ ಅದರ ತಮ್ಮ ಅಷ್ಟೇ. ಆ ಸ್ಟಾರ್ಟರನ್ನ ಆಟೋಗೆ ಹಾಕಿ ಬಿಟ್ಟರೆ ರಾತ್ರಿ ತ್ರೀ ಫೇಸ್ ಬಂದ ಕೂಡಲೇ ಮೋಟಾರ್ ತಾನೇ ಎದ್ದುಬಿಡುತ್ತದೆ. ಬೋರಿನಲ್ಲಿ ನೀರಿಲ್ಲದ ದಿನ ಒಣ ತಿರುಗಿ ಕಾಯಿಲ್ ಸುಟ್ಟುಕೊಂಡವರು ಬೇಕಾದಷ್ಟು ಜನ. ನಿಮ್ಮ ಪ್ಲಗ್‌ನಲ್ಲೂ ಇದೇ ಸೆಟ್ಟಿಂಗ್ ಇರುತ್ತದೆ, ಕರೆಂಟ್ ಬಂದ ಮೇಲೆ ಆನ್ ಆಗಬೇಕಾ, ಆಫ್ ಇರಬೇಕಾ, ಮೊದಲಿದ್ದ ಹಾಗೆ ಇರಬೇಕಾ ಅಂತ. ಕಣ್ಣು ಮುಚ್ಚಿ ಆಫ್ ಇಡಿ.

ನಿಮ್ಮ ಅಪ್ಪಾಜಿ ಹೇಳಿದ್ದು ಸರಿ. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಸಂಜೆ ಅಂಗಡಿ ಮುಚ್ಚಿದ ಮೇಲೆ ಉಳಿದದ್ದು ಬರೆಯುತ್ತೇನೆ.

ಹತ್ತಿಕಟ್ಟಿಗೆ, ಮಾನ್ವಿ

ಅಣ್ಣಾ, ತಾಮ್ರದ ಹಂಡೆ, ಬಚ್ಚಲ ಒಲೆ, ಎರಡು ಹೊರೆ ಹತ್ತಿಕಟ್ಟಿಗೆ. ಐದಕ್ಕೆ ಹಚ್ಚಿದರೆ ಹತ್ತರ ತನಕ ಕೆಂಡದ ಮೇಲೆ ನೀರು ಬಿಸಿ. ಪಾಸ್‌ವರ್ಡ್ ಇಲ್ಲ, ಅಪ್‌ಡೇಟ್ ಇಲ್ಲ. ಮರೆತರೆ ತಾನೇ ಆರುತ್ತದೆ.

ಥರ್ಮಲ್ ಕ್ವಾರ್ಟರ್ಸ್ ಹುಡುಗ

ಹತ್ತಿಕಟ್ಟಿಗೆ ಅವರೆ, ಇದನ್ನ ಅವ್ವನಿಗೆ ಓದಿ ಹೇಳಿದೆ. “ಕಣ್ಣಾಗ ಹೊಗಿ ಹೋದಾಂವ ಬರ್ದಿಲ್ಲ ಬಿಡು ಇದನ್ನ” ಅಂದಳು. ಬೇಜಾರಾಗಬೇಡಿ.

ಬಳ್ಳಾರಿ ಟು ಅಬರ್ಡೀನ್

ನಾನು ಕೌಲ್ ಬಜಾರಿನವಳು, ಈಗ ಸ್ಕಾಟ್ಲೆಂಡಿನಲ್ಲಿ ಇದ್ದೇನೆ. ನಮ್ಮದು ನಿಮ್ಮದರ ಉಲ್ಟಾ ಕತೆ. ನಿಮಗೆ ಆಫ್ ಮಾಡುವ ಚಿಂತೆ, ನಮಗೆ ಆಫ್ ಆಗಬಾರದು ಅನ್ನುವ ಚಿಂತೆ.

ಇಲ್ಲಿ ಅಡುಗೆಮನೆಯ ಕಪಾಟಿನಲ್ಲಿ ಒಂದು ಗ್ಯಾಸ್ ಬಾಯ್ಲರ್ ಇರುತ್ತದೆ. ಅದು ನೀರು ಕಾಯಿಸಿ ಪೈಪಿನಲ್ಲಿ ಪ್ರತಿ ಕೋಣೆಯ ರೇಡಿಯೇಟರಿಗೆ ಕಳಿಸುತ್ತದೆ. ಗೋಡೆಯ ಮೇಲಿನ ಥರ್ಮೋಸ್ಟಾಟ್ ಕೋಣೆ ಎಷ್ಟು ಬೆಚ್ಚಗಿದೆ ನೋಡಿ ಬಾಯ್ಲರಿಗೆ ಹೊತ್ತಿಕೋ, ಆರು ಅಂತ ಹೇಳುತ್ತದೆ. ಆ ಥರ್ಮೋಸ್ಟಾಟ್ ಫೋನಿಗೂ ಸಿಗುತ್ತದೆ, ಸ್ಮಾರ್ಟ್ ಅನ್ನುವುದು ಅಷ್ಟಕ್ಕೇ.

ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ತಮ್ಮನ ಮದುವೆಗೆ ಮೂರು ವಾರ ಬಳ್ಳಾರಿಗೆ ಬಂದಿದ್ದೆ. ಮನೆ ಖಾಲಿ. ಪೂರ್ತಿ ಆಫ್ ಮಾಡಿ ಬರುವ ಹಾಗಿಲ್ಲ. ಪೈಪಿನ ನೀರು ಹೆಪ್ಪುಗಟ್ಟಿದರೆ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಪೈಪ್ ಸೀಳುತ್ತದೆ. ಕರಗಿದಾಗ ಮನೆ ತುಂಬಾ ನೀರು. ಅದಕ್ಕೆ 12 ಡಿಗ್ರಿಗೆ ಇಟ್ಟು ಬಂದಿದ್ದೆ. ಅರಿಶಿನದ ಹಿಂದಿನ ರಾತ್ರಿ ಎರಡು ಗಂಟೆ, ಎಲ್ಲರೂ ಕೂತು ಒಗ್ಗರಣೆ ಮಿರ್ಚಿ ತಿನ್ನುತ್ತಿದ್ದೇವೆ. ಸುಮ್ನೆ ಆ್ಯಪ್ ತೆಗೆದರೆ ಥರ್ಮೋಸ್ಟಾಟ್ ಆಫ್‌ಲೈನ್ ಅಂತ ಬಂತು. ಅಲ್ಲಿ ಆಗ ರಾತ್ರಿ ಎಂಟೂವರೆ, ಹೊರಗೆ ಮೈನಸ್ 4. ಮಿರ್ಚಿ ಗಂಟಲಿನಿಂದ ಇಳಿಯಲಿಲ್ಲ. ಕೀಲಿ ಕೊಟ್ಟು ಬಂದಿದ್ದ ಪಕ್ಕದ ಮನೆಯ ಅಜ್ಜಿಗೆ ಮೆಸೇಜ್ ಮಾಡಿದೆ. ಅವರು ಹೋಗಿ ರೇಡಿಯೇಟರ್ ಮೇಲೆ ಕೈ ಇಟ್ಟು, ಬೆಚ್ಚಗಿದೆ ಕಣಮ್ಮ, ಮಲಗು ಅಂತ ಬರೆದರು.

ಸತ್ತಿದ್ದು ಇಂಟರ್‌ನೆಟ್ ಮಾತ್ರ. ಥರ್ಮೋಸ್ಟಾಟ್ ಮತ್ತು ಬಾಯ್ಲರ್ ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಕೆಲಸ ಮಾಡುತ್ತಿದ್ದವು. ನಾನು ಹೇಳಬೇಕಂತಿದ್ದದ್ದು ಇದನ್ನೇ. ಯಾವ ಡಿವೈಸ್ ತಗೊಂಡರೂ, ನೆಟ್ ಸತ್ತ ದಿನ ಅದು ಏನು ಮಾಡುತ್ತದೆ ಅಂತ ಕೇಳಿ ತಗೊಳ್ಳಿ. ಕಂಪನಿ ಕೈಬಿಟ್ಟ ದಿನಕ್ಕೂ ಇದೇ ಪ್ರಶ್ನೆ. ಗೂಗಲ್ ತನ್ನ ಮೊದಲ ಎರಡು ತಲೆಮಾರಿನ ನೆಸ್ಟ್ ಥರ್ಮೋಸ್ಟಾಟ್‌ಗಳಿಗೆ 2025ರ ಅಕ್ಟೋಬರ್‌ನಲ್ಲಿ ಆ್ಯಪ್ ಸಂಪರ್ಕ ನಿಲ್ಲಿಸಿತು. ಗೋಡೆ ಮೇಲೆ ಕೈಯಿಂದ ತಿರುಗಿಸಿದರೆ ಈಗಲೂ ನಡೆಯುತ್ತವೆ, ಫೋನಿಗೆ ಮಾತ್ರ ಸಿಗುವುದಿಲ್ಲ.

ಇಲ್ಲಿ ದೂರದಿಂದ ಆನ್ ಮಾಡುವುದಕ್ಕೆ ಯಾರೂ ಹೆದರುವುದಿಲ್ಲ. ಅದಕ್ಕೆ ಕಾರಣ ಇದೆ. ಗ್ಯಾಸ್ ಬಾಯ್ಲರ್ ಮುಟ್ಟಲು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿರುವ ಇಂಜಿನಿಯರೇ ಬೇಕು. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸುತ್ತೇವೆ. 2022ರ ಫೆಬ್ರವರಿಯಿಂದ ಸ್ಕಾಟ್ಲೆಂಡಿನಲ್ಲಿ ಇಂಥ ಬಾಯ್ಲರ್ ಇರುವ ಮನೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ. ನಿಮ್ಮ ಅಪ್ಪ ಕೇಳಿದ ಕಣ್ಣು ಇದೇ. ನಿಮ್ಮ ಗೀಜರ್ ಕೊನೆಯ ಸಲ ಬಿಚ್ಚಿ ನೋಡಿದ್ದು ಯಾವಾಗ?

ಥರ್ಮಲ್ ಕ್ವಾರ್ಟರ್ಸ್ ಹುಡುಗ

ಅಕ್ಕಾ, ಆ ಕೊನೆಯ ಪ್ರಶ್ನೆಗೆ ಉತ್ತರ: ಒಂದು ಸಲಾನೂ ಇಲ್ಲ. 2016ರಿಂದ.

ಬಿಸಿಲು ಬಿಟ್ಟಿ, ಲಿಂಗಸುಗೂರು

ಸೋಲಾರ್ ಯಾಕೆ ಹಾಕಿಸಬಾರದು? ನಮ್ಮ ಜಿಲ್ಲೆಯಲ್ಲಿ ಬಿಸಿಲಿಗೇನು ಬರ. ನಮ್ಮದು 100 ಲೀಟರ್, ಗಾಜಿನ ಟ್ಯೂಬಿನದು. ಹಿಂದಿನ ದಿನ ಕಾದ ನೀರು ಬೆಳಗಿನ ಜಾವಕ್ಕೂ ಬಿಸಿ ಇರುತ್ತದೆ. ಒಂದೇ ಮಾತು, ಬೋರ್ ನೀರಾದರೆ ಟ್ಯೂಬಿನಲ್ಲಿ ಸುಣ್ಣ ಕಟ್ಟುತ್ತದೆ. ಮತ್ತೆ ಅದರ ಟ್ಯಾಂಕಿಗೆ ಕರೆಂಟ್ ಕಾಯಿಲ್ ಹಾಕಿಸಬೇಡಿ. ಮೋಡದ ದಿನ ಅದನ್ನ ಹಾಕಿ ಮರೆತರೆ 25 ಲೀಟರ್ ಅಲ್ಲ, 100 ಲೀಟರ್ ಕಾಯಿಸುತ್ತದೆ. ಒಂದು ಸಲ ಪೂರ್ತಿ ಕಾಯಲು ನಾಲ್ಕು ಯೂನಿಟ್ ಮೇಲೆ ಹೋಗುತ್ತದೆ.

ಗಂಗಾವತಿ ವೈರ್‌ಮನ್

ತಮ್ಮಾ, ಈಗ ಬಿಡುವಾಯಿತು.

ಮೊದಲು ಸಮಾಧಾನದ ಮಾತು. ಗೀಜರ್ ಆನ್ ಉಳಿಯಿತು ಅಂದರೆ ಇಡೀ ದಿನ 2000 ವ್ಯಾಟ್ ಎಳೆಯುವುದಿಲ್ಲ. ನೀರು ಕಾದ ಮೇಲೆ ಥರ್ಮೋಸ್ಟಾಟ್ ಕಟ್ ಮಾಡುತ್ತದೆ. ಆಮೇಲೆ ಆರಿದಷ್ಟು ಮಾತ್ರ ಆಗಾಗ ಕಾಯಿಸಿಕೊಳ್ಳುತ್ತದೆ. ಸ್ಟಾರ್ ಸ್ಟಿಕ್ಕರ್ ಮೇಲೆ 24 ಗಂಟೆಗೆ ಎಷ್ಟು ಯೂನಿಟ್ ಹಾಗೇ ಹೋಗುತ್ತದೆ ಅಂತ ಬರೆದಿರುತ್ತಾರೆ, ನೋಡಿ. ಬಿಲ್ಲಿಗೆ ಹೆದರುವಷ್ಟು ಏನಿಲ್ಲ.

ಹೆದರಬೇಕಾದದ್ದು ಬೇರೆ. ಬೋರ್ ನೀರಿನ ಸುಣ್ಣ ಕಾಯಿಲ್ ಮೇಲೆ ಕಟ್ಟುತ್ತದೆ, ಥರ್ಮೋಸ್ಟಾಟ್ ಇರುವ ಕೊಳವೆ ಮೇಲೂ ಕಟ್ಟುತ್ತದೆ. ಒಂದು ದಿನ ಥರ್ಮೋಸ್ಟಾಟ್ ಅಂಟಿಕೊಂಡರೆ ಅದರ ಹಿಂದೆ ಕಟ್‌ಔಟ್ ಇದೆ, ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವಂಥದ್ದು. ಅದೂ ಕೈಕೊಟ್ಟರೆ ಕೊನೆಗೆ ಪ್ರೆಶರ್ ವಾಲ್ವ್. ಎಷ್ಟೋ ಮನೆಯಲ್ಲಿ ಆ ವಾಲ್ವ್ ತೊಟ್ಟಿಕ್ಕುತ್ತದೆ ಅಂತ ಪ್ಲಂಬರಿಗೆ ಹೇಳಿ ಮುಚ್ಚಿಸಿಬಿಟ್ಟಿರುತ್ತಾರೆ. ಅಂಥ ಗೀಜರನ್ನ ಬೆಂಗಳೂರಿನಿಂದ ಆನ್ ಮಾಡುತ್ತೀರಾ? ಟ್ಯಾಂಕಿನಲ್ಲಿ ನೀರಿದೆಯೋ ಇಲ್ಲವೋ ನಿಮಗೆ ಅಲ್ಲಿಂದ ಕಾಣುವುದಿಲ್ಲ. ಬಚ್ಚಲಲ್ಲಿ ಯಾರಿದ್ದಾರೆ ಅನ್ನುವುದೂ ಕಾಣುವುದಿಲ್ಲ. ಅರ್ಥಿಂಗ್ ಸರಿ ಇಲ್ಲದ ಮನೆಯಾದರೆ ನೀರಿನಲ್ಲಿ ಕೈ ಇಟ್ಟವರ ಗತಿ ಏನು?

ಅದಕ್ಕೆ ನಾನು ಮಾಡುವ ರೀತಿ ಹೇಳುತ್ತೇನೆ. ಆನ್ ಮಾಡುವುದು ಅವ್ವಾರೇ, ಕೈಯಿಂದ. ಬಚ್ಚಲ ಹೊರಗೆ ಕಾಲಿಂಗ್ ಬೆಲ್ ಸ್ವಿಚ್ ಹಾಕಿಸಿ. ಅದು ಒತ್ತಿದರೆ ಒಂದು ಸಣ್ಣ ವೈಫೈ ರಿಲೇ, ಅಂದರೆ ಫೋನಿಗೂ ಸಿಗುವ ಸಣ್ಣ ಸ್ವಿಚ್, ಎಚ್ಚರ ಆಗುತ್ತದೆ. ರಿಲೇ ಗೀಜರಿನ ಲೋಡ್ ಹೊರುವುದಿಲ್ಲ, ಲೋಡ್ ಹೊರುವ ದೊಡ್ಡ ಸ್ವಿಚ್ಚಾದ 25 ಆಂಪ್ ಕಾಂಟ್ಯಾಕ್ಟರನ್ನ ಮಾತ್ರ ಎಳೆಯುತ್ತದೆ. ಪಂಪ್‌ಸೆಟ್ ಸ್ಟಾರ್ಟರ್ ಒಳಗೆ ಟಪ್ ಅನ್ನುತ್ತದಲ್ಲ, ಅದೇ ಜಾತಿ. ಆಫ್ ಮಾಡುವ ಟೈಮರ್ ರಿಲೇ ಒಳಗೇ ಕೂರಬೇಕು, ಕೆಲವು ಆ್ಯಪ್‌ನಲ್ಲಿ ಇಂಚಿಂಗ್ ಅಂತ ಇರುತ್ತದೆ. ನೆಟ್ ಇರಲಿ ಬಿಡಲಿ, ನಿಮಿಷ ಮುಗಿದರೆ ಕಟ್. ನಿಮ್ಮ ಫೋನಿನಲ್ಲಿ ಸ್ಥಿತಿ ನೋಡಿ, ಬೇಕಾದರೆ ಬೇಗ ಆಫ್ ಮಾಡಿ. ಆನ್ ಬಟನ್ ಕಡೆ ಬೆರಳು ಒಯ್ಯಬೇಡಿ. ರಿಲೇ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಹತ್ತುತ್ತದೆ, ಸೇರಿಸುವಾಗ ರೂಟರಿನ 5 ಗಿಗಾಹರ್ಟ್ಸ್ ಸ್ವಲ್ಪ ಹೊತ್ತು ಬಂದ್ ಮಾಡಿ. ಇದನ್ನ ಹೇಳದೆ ಬಿಟ್ಟರೆ ಮಧ್ಯರಾತ್ರಿ ನನಗೇ ಮೆಸೇಜ್ ಬರುತ್ತದೆ.

ಇದಕ್ಕೆಲ್ಲ ಮೊದಲು ಗೀಜರ್ ಬಿಚ್ಚಿಸಿ ಸುಣ್ಣ ತೆಗೆಸಿ, ಟ್ಯಾಂಕ್ ತುಕ್ಕು ಹಿಡಿಯದ ಹಾಗೆ ತಾನು ಸವೆಯುವ ಒಳಗಿನ ಮೆಗ್ನೀಷಿಯಂ ರಾಡ್ ಉಳಿದಿದೆಯಾ ನೋಡಿಸಿ. ಬಚ್ಚಲ ಲೈನಿಗೆ 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. ಈ ಎರಡು ಆಗದೆ ವೈಫೈ ಮಾತೇ ಬೇಡ.

ಥರ್ಮಲ್ ಕ್ವಾರ್ಟರ್ಸ್ ಹುಡುಗ

ಮೂರು ವಾರ ಆಯಿತು, ಆದದ್ದು ಹೇಳುತ್ತೇನೆ.

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಗೀಜರ್ ಬಿಚ್ಚಿಸಿದೆವು. ಕಾಯಿಲ್ ಹೊರಗೆ ಬಂದಾಗ ಕಾಯಿಲ್ ಥರ ಇರಲಿಲ್ಲ. ಹುತ್ತದ ತುಂಡಿನ ಹಾಗಿತ್ತು, ಬೂದಿ ಬಣ್ಣ, ಬೆರಳಷ್ಟು ದಪ್ಪ ಸುಣ್ಣ. ಟ್ಯಾಂಕಿನಿಂದ ಅರ್ಧ ಬಕೆಟ್ ಚೂರು ಬಿತ್ತು. ರಾಡ್ ಅನ್ನುವ ಜಾಗದಲ್ಲಿ ಒಂದು ತಂತಿ ಮಾತ್ರ ಉಳಿದಿತ್ತು. ಅಪ್ಪ ಆ ಕಾಯಿಲನ್ನ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, “ನಮ್ಮ ಬಾಯ್ಲರ್ ಟ್ಯೂಬ್ ಹಿಂಗಿದ್ರ ನನ್ನ ಕೆಲಸಾನೇ ಹೋಗ್ತಿತ್ತು” ಅಂದರು. ನನಗೆ ಬೈಯಲಿಲ್ಲ. ಅದೇ ಜಾಸ್ತಿ ಅನ್ನಿಸಿತು.

ವೈರ್‌ಮನ್ ಅಣ್ಣ ಹೇಳಿದ ಹಾಗೇ ಬೆಲ್ ಸ್ವಿಚ್, ರಿಲೇ, ಕಾಂಟ್ಯಾಕ್ಟರ್, ಆರ್‌ಸಿಸಿಬಿ ಎಲ್ಲ ಹಾಕಿಸಿದೆ. ಟೈಮರ್ ನಾನೇ ಲೆಕ್ಕ ಹಾಕಿ 25 ನಿಮಿಷ ಇಟ್ಟೆ. ಸ್ನಾನಕ್ಕೆ ಸಾಕಾಗುವಷ್ಟು ಬಿಸಿ ಬರಬೇಕಿತ್ತು. ಮರುದಿನ ಅವ್ವ ತಲೆಗೆ ಸೀಗೆಪುಡಿ ಹಚ್ಚಿಕೊಂಡು ಬಚ್ಚಲಿಂದಲೇ ಕೂಗಿದಳು, ನೀರು ಉಗುರುಬೆಚ್ಚಗೂ ಇಲ್ಲ ಅಂತ. ಅಪ್ಪ ತಮ್ಮ ಹಳೇ ಮಲ್ಟಿಮೀಟರ್ ತಂದು ಅಳೆದರು, 185 ವೋಲ್ಟ್. ಅಷ್ಟಕ್ಕೆ ನನ್ನ 2000 ವ್ಯಾಟ್ 1300 ಆಗಿತ್ತು. ವೈರ್‌ಮನ್ ಅಣ್ಣ ಬೆಳಗಿನ ಜಾವ 250 ಅಂದಿದ್ದರು, ನಮ್ಮ ಓಣಿಯಲ್ಲಿ ಐದಕ್ಕೆ ಎಲ್ಲರ ಗೀಜರೂ ಒಟ್ಟಿಗೇ ಏಳುತ್ತವೆ. ಈಗ 50 ನಿಮಿಷ ಇಟ್ಟಿದ್ದೇವೆ. ವೋಲ್ಟೇಜ್ ಚೆನ್ನಾಗಿದ್ದ ದಿನ ಥರ್ಮೋಸ್ಟಾಟೇ ಮೊದಲು ಕಟ್ ಮಾಡುತ್ತದೆ, ತೊಂದರೆ ಇಲ್ಲ.

ಅಪ್ಪನ ನೋಟ್‌ಬುಕ್ಕಿನಲ್ಲಿ ಈಗ ಎರಡು ಕಾಲಂ ಹೊಸದಾಗಿ ಬಂದಿವೆ. ಫೋಟೋ ಕಳಿಸಿದ್ದರು: “ಲೈಟಪ್ 5.02. ಟ್ರಿಪ್ 5.52.” ಷರಾ ಕಾಲಂನಲ್ಲಿ “ಸಾಮಾನ್ಯ.”

ನಿನ್ನೆ ಗುರುವಾರ. ಮತ್ತೆ ಮಂತ್ರಾಲಯ. ಬಸ್ಸಿನಿಂದ ಅವ್ವನ ಫೋನ್, “ಗೀಜರ್ ನೋಡು.” ನೋಡಿದೆ, 5.41ಕ್ಕೇ ಆಫ್ ಆಗಿದೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಗ್ಯಾಸ್ ಒಲಿ ಆಫ್ ಮಾಡೀನಿ ಇಲ್ಲೋ, ಅದನ್ನೂ ನೋಡು” ಅಂದಳು.

ಅದಕ್ಕೇನಾದರೂ ಇದೆಯಾ ಅಣ್ಣಾ?

ಗಂಗಾವತಿ ವೈರ್‌ಮನ್

ಇದೆ. ಸಿಲಿಂಡರ್ ಮೇಲೆ ರೆಗ್ಯುಲೇಟರ್ ಅಂತ. ಮನೆ ಬಿಡುವಾಗ ಬೀಗದ ಕೀಲಿ ತಗೊಳ್ಳುವ ಮೊದಲು ಕೈಯಿಂದ ತಿರುವಬೇಕು. ಕೀಲಿಯನ್ನ ಸಿಲಿಂಡರ್ ಹತ್ತಿರದ ಮೊಳೆಗೆ ನೇತು ಹಾಕಲು ಹೇಳಿ.

ಅದಿರಲಿ, 5.02ಕ್ಕೆ ಹಾಕಿದ್ದರೆ 5.52ಕ್ಕೆ ಆಫ್ ಆಗಬೇಕಿತ್ತು. ನಿನ್ನೆ 5.41 ಹೇಗೆ? ರಿಲೇ ತಾನೇ ಬೀಳುತ್ತಿದ್ದರೆ ಕಾಂಟ್ಯಾಕ್ಟರ್ ವೈರ್ ಟೈಟ್ ಇದೆಯಾ ನೋಡಿಸಿ.

ಥರ್ಮಲ್ ಕ್ವಾರ್ಟರ್ಸ್ ಹುಡುಗ

ಇಲ್ಲ ಅಣ್ಣಾ. ಬಸ್ಸಿಗೆ ಹೊರಡಬೇಕು ಅಂತ ನಿನ್ನೆ ಅವ್ವ 4.51ಕ್ಕೇ ಒತ್ತಿದ್ದಳು. ಅಪ್ಪನ ಪುಸ್ತಕದಲ್ಲಿ ಇದೆ.